ಅಳಿಯನ ಗಾಡಿಯೂ ಗುರುತ್ವಕೇಂದ್ರವೂ

ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದವನು ಟೈರು, ಶಾಕ್ ಅಬ್ಸಾರ್ಬರುಗಳ ಬಗ್ಗೆ ಬರೆಯಹೊರಟರೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಗು ಬಂದೀತು. ಆದರೆ ತರಗತಿಯಲ್ಲಿ ಗುರುತ್ವಕೇಂದ್ರದ ಪಾಠ ಕೇಳಿದವರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ. ಆ ಪಾಠವೇ ಈಚೆಗೆ ನಮ್ಮ ಮನೆಯೊಳಗೆ ದೊಡ್ಡ ಚರ್ಚೆಗೆ ಕಾರಣವಾಯಿತು.

ನನ್ನ ಅಕ್ಕನ ಮಗನಿಗೆ ಮೂಡಿಗೆರೆಯ ಸಮೀಪ ಕಾಫಿ ತೋಟವಿದೆ. ಓಡಾಟಕ್ಕೆ ಟೊಯೋಟಾ ಫಾರ್ಚುನರ್ ಇದೆ. ತೋಟದೊಳಗಿನ ಹಾದಿ ಮಳೆಗಾಲದಲ್ಲಿ ಬರೀ ಕೆಸರು, ಕೊರಕಲು. ಆದ್ದರಿಂದ ಗಾಡಿಯನ್ನು 4 ಅಂಗುಲ ಎತ್ತರಿಸಿ, ದಪ್ಪ ಹಲ್ಲಿನ ಮಡ್ ಟೆರೇನ್ ಟೈರು ಹಾಕಿಸಬೇಕೆಂಬುದು ಅವನ ಆಸೆ. ಆದರೆ ಅದೇ ಗಾಡಿಯಲ್ಲಿ 78 ವರ್ಷದ ನನ್ನ ಅಕ್ಕ ತಿಂಗಳಿಗೊಮ್ಮೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಚಿಕಿತ್ಸೆಗೆ ಹೋಗಬೇಕು. ಅವಳ ಮೊಣಕಾಲಿಗೆ ಗಾಡಿಯ ಈಗಿನ ಎತ್ತರವೇ ಹೆಚ್ಚು. ತಾಯಿ ಮಗನಲ್ಲಿ ಮಾತು ಬೆಳೆದು, ಕೊನೆಗೆ ಅವನು "ಮಾವ, ನೀವೇ ಒಂದು ತೀರ್ಮಾನ ಹೇಳಿ" ಎಂದು ಗ್ಯಾರೇಜಿನ ಅಂದಾಜುಪಟ್ಟಿಯನ್ನು ನನ್ನ ಮುಂದಿಟ್ಟ.

ಮೊದಲು ಎತ್ತರದ ವಿಚಾರ. ಈ ಗಾಡಿಯ ಹಿಂಭಾಗದಲ್ಲಿರುವುದು ಇಡಿಯಾದ ಅಚ್ಚು. ಅದರ ನಡುವೆ ಡಿಫರೆನ್ಷಿಯಲ್ಲಿನ ಗುಂಡು ಜೋತುಬಿದ್ದಿದೆ. ಕೊರಕಲಿನ ನಡುದಿಬ್ಬಕ್ಕೆ ತಗಲುವುದು ಹೆಚ್ಚಾಗಿ ಅದೇ. ಸ್ಪ್ರಿಂಗುಗಳನ್ನು ಎಷ್ಟು ಉದ್ದ ಮಾಡಿದರೂ ಮೇಲೇಳುವುದು ಗಾಡಿಯ ದೇಹವೇ ಹೊರತು ಹಿಂದಿನ ಅಚ್ಚಲ್ಲ. ಅಚ್ಚು ಮೇಲೇಳಬೇಕಾದರೆ ಟೈರಿನ ವ್ಯಾಸವೇ ಹೆಚ್ಚಬೇಕು. ಮುಂದಿನ ಚಕ್ರಗಳದು ಸ್ವತಂತ್ರ ಸಸ್ಪೆನ್ಷನ್. ಅಲ್ಲಿ ಎತ್ತರ ಮಿತಿಮೀರಿದರೆ ತೋಳುಗಳ ಕೋನ ಕೆಡುತ್ತದೆ, ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಗಾಡಿಯಾದರೆ ಡ್ರೈವ್ ಶಾಫ್ಟಿನ ಸಂಧಿಗಳು ಬೇಗ ಸವೆಯುತ್ತವೆ, ಚಕ್ರಗಳ ಅಲೈನ್‌ಮೆಂಟನ್ನು ಹೊಸದಾಗಿ ಸರಿಪಡಿಸಬೇಕಾಗುತ್ತದೆ.

ಇನ್ನು ಗುರುತ್ವಕೇಂದ್ರ. ಎಡಬಲ ಚಕ್ರಗಳ ನಡುವಣ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿರಿ. ಗಾಡಿ ಮಗುಚುವ ಅಪಾಯವನ್ನು ಅಳೆಯಲು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯೂ ಇದೇ ಸಂಖ್ಯೆಯನ್ನು ಬಳಸುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಲೆಕ್ಕದ ಅನುಕೂಲಕ್ಕೆ ಅಂತರ 150 ಸೆಂ.ಮೀ., ಎತ್ತರ 75 ಸೆಂ.ಮೀ. ಎಂದುಕೊಂಡರೆ ಉತ್ತರ 1. ಗುರುತ್ವಕೇಂದ್ರವು 10 ಸೆಂ.ಮೀ. ಮೇಲೇರಿದರೆ ಅದು 0.88ಕ್ಕೆ ಇಳಿಯುತ್ತದೆ. ಮನೆಯ ಅಂಗಳದಲ್ಲಿ ಈ ವ್ಯತ್ಯಾಸ ತಿಳಿಯದು. ಚಾರ್ಮಾಡಿಯ ತಿರುವಿನಲ್ಲಿ ಎದುರಿಗೆ ಬಂದ ಬಸ್ಸನ್ನು ತಪ್ಪಿಸಲು ಸ್ಟಿಯರಿಂಗನ್ನು ಥಟ್ಟನೆ ತಿರುಗಿಸಿದಾಗ ತಿಳಿಯುತ್ತದೆ.

ಎರಡನೆಯದು ಟೈರು. ಅವನ ಗಾಡಿಯ ಟೈರಿನ ಮೇಲೆ 265/65 ಆರ್ 17 ಎಂದಿದೆ. ಅಗಲ 265 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 65, ರಿಮ್ಮಿನ ವ್ಯಾಸ 17 ಅಂಗುಲ ಎಂದು ಇದರ ಅರ್ಥ. ಕೂಡಿಸಿದರೆ ಟೈರಿನ ವ್ಯಾಸ 776 ಮಿ.ಮೀ. ಅವನು ಬಯಸಿದ 285/70 ಅಳತೆಯದು 831 ಮಿ.ಮೀ. ಅಚ್ಚಿಗೆ ಸಿಗುವುದು ವ್ಯಾಸದ ಹೆಚ್ಚಳದ ಅರ್ಧ, ಅಂದರೆ 27 ಮಿ.ಮೀ. ಮಾತ್ರ. ಅಷ್ಟಕ್ಕಾಗಿ ತೆರಬೇಕಾದ ಬೆಲೆ ನೋಡಿ: ಸ್ಪೀಡೋಮೀಟರು 80 ಎಂದು ತೋರಿಸುವ ಹೊತ್ತಿಗೆ ಗಾಡಿ ಮೊದಲಿಗಿಂತ ಶೇ. 7ರಷ್ಟು ವೇಗವಾಗಿ, ಸುಮಾರು 85ರಲ್ಲಿ ಓಡುತ್ತಿರುತ್ತದೆ. ಬ್ರೇಕಿನ ಹಿಡಿತ ತಗ್ಗುತ್ತದೆ. ಇಂಧನ ಹೆಚ್ಚು ಬೇಕಾಗುತ್ತದೆ. ಮಡ್ ಟೆರೇನ್ ಟೈರಿನ ಹಲ್ಲುಗಳ ನಡುವೆ ದೊಡ್ಡ ಸಂದುಗಳಿರುತ್ತವೆ. ಕೆಸರಿನಲ್ಲಿ ಅದು ವರವೇ ಸರಿ. ಒದ್ದೆಯಾದ ಡಾಂಬರು ರಸ್ತೆಯಲ್ಲಾದರೋ ನೆಲಕ್ಕೆ ತಾಗುವ ರಬ್ಬರೇ ಕಡಿಮೆಯಾಗಿ ಹಿಡಿತ ಸಾಲುವುದಿಲ್ಲ.

ಮೂರನೆಯದು ಶಾಕ್ ಅಬ್ಸಾರ್ಬರು. ಗಾಡಿಯ ಭಾರ ಹೊರುವುದು ಸ್ಪ್ರಿಂಗು; ಅದರ ಕುಣಿತವನ್ನು ತಡೆಯುವುದು ಶಾಕು. ಪಿಸ್ಟನ್ನು ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ನೂಕಿ, ಚಲನೆಯ ಶಕ್ತಿಯನ್ನು ಶಾಖವಾಗಿ ಪರಿವರ್ತಿಸುತ್ತದೆ. ಎಣ್ಣೆ ಕಾದು ನೊರೆಗಟ್ಟಿದರೆ ಹಿಡಿತ ಹೋಗುತ್ತದೆ. ಅದನ್ನು ತಡೆಯಲೆಂದೇ ಒತ್ತಡದಲ್ಲಿ ನೈಟ್ರೋಜನ್ ಅನಿಲ ತುಂಬಿರುತ್ತಾರೆ. ಶಾಕು ಸೋತರೆ ಚಕ್ರವು ನೆಲ ಬಿಟ್ಟು ಜಿಗಿಯುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಎಂಥ ಟೈರಿದ್ದೇನು, ಎಂಥ ಬ್ರೇಕಿದ್ದೇನು! ಅಳಿಯನ ಗಾಡಿಯ ಹಿಂದಿನ ಎರಡೂ ಶಾಕುಗಳಲ್ಲಿ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿತ್ತು. ಅಂದಾಜುಪಟ್ಟಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅಪಘಾತವಾದರೆ ವಿಮಾ ಕಂಪನಿಯವರು ಮೊದಲು ಕೆದಕುವುದು ಇಂಥ ಬದಲಾವಣೆಗಳನ್ನೇ.

ಹೀಗಾಗಿ ನಾನು ಹೇಳಿದ ಕ್ರಮ ಅವನ ಕ್ರಮಕ್ಕೆ ತಿರುವುಮುರುವಾಗಿತ್ತು: ಶಾಕು ಮೊದಲು, ಟೈರು ನಂತರ, ಎತ್ತರ ಕಟ್ಟಕಡೆಗೆ. ನಾಲ್ಕೂ ಶಾಕುಗಳನ್ನು ಬದಲಿಸುವುದು, ಸ್ಪ್ರಿಂಗಿನ ಎತ್ತರ ಮೂಲದಷ್ಟೇ ಇರಲಿ. ಟೈರು ಅದೇ 265/65 ಅಳತೆಯ ಆಲ್ ಟೆರೇನ್. ಭಾರಸೂಚ್ಯಂಕ ಮೊದಲಿನದಕ್ಕಿಂತ ಕಡಿಮೆಯಿರಬಾರದು. 112 ಎಂದಿದ್ದರೆ ಒಂದು ಟೈರು 1,120 ಕಿಲೋ ಹೊರುತ್ತದೆ. ತಯಾರಿಕೆಯ ದಿನವನ್ನೂ ನೋಡಬೇಕು. ಪಕ್ಕದ ಗೋಡೆಯ ಮೇಲೆ 1424 ಎಂದಿದ್ದರೆ ಅದು 2024ರ 14ನೆಯ ವಾರದ್ದು.

"ಹಾಗಾದರೆ ತೋಟದ ಆ ಕೊರಕಲು?" ಎಂದು ಅವನು ಕೇಳಿದ. ನ್ಯಾಯವಾದ ಪ್ರಶ್ನೆಯೇ. ಕೊರಕಲಿರುವುದು ಹೆಚ್ಚೆಂದರೆ 200 ಮೀಟರು. ಅಷ್ಟಕ್ಕೆ ಜಲ್ಲಿ ಹಾಕಿಸಿ, ನೀರು ಪಕ್ಕಕ್ಕೆ ಹರಿದುಹೋಗಲು ಚರಂಡಿ ತೋಡಿಸು, ಲಿಫ್ಟ್ ಕಿಟ್ಟಿಗೆ ಇಟ್ಟ ಹಣ ಅಲ್ಲಿ ವಿನಿಯೋಗವಾಗಲಿ ಎಂದೆ. ಅವನ ಮುಖ ಪೂರ್ತಿ ಅರಳಲಿಲ್ಲ. ಗೆಳೆಯರ ಎತ್ತರದ ಗಾಡಿಗಳು ಕಣ್ಣಮುಂದೆ ಇದ್ದುವಲ್ಲ! ಆದರೂ ಶಾಕು ಬದಲಾಯಿತು, ಟೈರು ಬಂತು, ಚರಂಡಿಯೂ ಆಯಿತು. ಅಕ್ಕನಿಗಾಗಿ ಬಾಗಿಲ ಕೆಳಗೆ ಕಾಲಿಡಲು ಒಂದು ತಗ್ಗಿನ ಮೆಟ್ಟಿಲನ್ನೂ ಹಾಕಿಸಿದ. ಅದು ನಾನು ಹೇಳದೆ ಅವನೇ ಮಾಡಿದ್ದು.

ದೊಡ್ಡ ಗಾಡಿಗಳನ್ನು ಇಟ್ಟುಕೊಂಡಿರುವ ನನ್ನ ವಿದ್ಯಾರ್ಥಿಗಳು ಈಗ ಅನೇಕರಿದ್ದೀರಿ. ಅಂಗಡಿಗೆ ಹೋಗುವ ಮುನ್ನ, ಗಾಡಿಯಲ್ಲಿ ಯಾರು ಯಾರು ಕೂರುತ್ತಾರೆ, ವರ್ಷದಲ್ಲಿ ಎಷ್ಟು ದಿನ ಎಂಥ ರಸ್ತೆಯಲ್ಲಿ ಅದು ಓಡುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವುದನ್ನು ಕೊಳ್ಳಬೇಕೆಂಬುದು ಅರ್ಧಕ್ಕರ್ಧ ಅಲ್ಲಿಯೇ ತೀರ್ಮಾನವಾಗುತ್ತದೆ.