ಒಬ್ಬರಿಗೊಬ್ಬರು ಮಾಸ್ತರು

ಎಪ್ಪತ್ತು ದಾಟಿದವರನ್ನು ಕಂಡರೆ ನಮ್ಮ ಕಡೆ ಎರಡು ಮಾತು ಕೇಳಿಬರುತ್ತವೆ. ಒಂದು, ‘ಇನ್ನೇನ್ರೀ, ಆರಾಮ ಕೂಡ್ರಿ.’ ಇನ್ನೊಂದು, ‘ಈ ವಯಸ್ಸಿನ್ಯಾಗ ಅದೆಲ್ಲಾ ಯಾಕ ಬೇಕು?’ ಎರಡೂ ಪ್ರೀತಿಯಿಂದ ಆಡುವ ಮಾತುಗಳೇ. ಆದರೆ ಎರಡನ್ನೂ ನಂಬಿದರೆ ಮನುಷ್ಯ ಕುಳಿತಲ್ಲೇ ಜಡ್ಡುಗಟ್ಟುತ್ತಾನೆ. ನನಗೀಗ 73 ವರ್ಷ. ಬಿ.ಕಾಂ. ಮುಗಿಸಿ 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ನಿವೃತ್ತಿಯಾದ ಮೇಲೆ ಊರಿಗೆ ಮರಳಿ, ಈಗ ಮನೆಯಲ್ಲೇ ಒಂದು ಶಾಲೆ ನಡೆಸುತ್ತಿದ್ದೇವೆ. ಅದರಲ್ಲಿ ಇರುವವರು ಇಬ್ಬರೇ. ಇಬ್ಬರೂ ಮಾಸ್ತರರು, ಇಬ್ಬರೂ ವಿದ್ಯಾರ್ಥಿಗಳು.

ನಮ್ಮೂರು ಮಮದಾಪುರ. ವಿಜಯಪುರದ ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಹೆಸರೇ ನಮ್ಮೂರಿಗೆ ಬಂದಿದೆ. ಇಲ್ಲಿಯ ದೊಡ್ಡ ಕೆರೆಯನ್ನು ಅವನು 1633ರಲ್ಲಿ ಕಟ್ಟಿಸಿದ. ಹತ್ತಿರ ಹತ್ತಿರ 400 ವರ್ಷದ ಕೆರೆ! ಸಂಜೆ ಅದರ ಏರಿಯ ಮೇಲೆ ನಡೆಯುವಾಗ ನನಗೆ ಅನಿಸುವುದಿದೆ: ಕೆರೆ ಹಾಳಾಗುವುದು ವಯಸ್ಸಾಯಿತೆಂದು ಅಲ್ಲ, ಹೂಳು ತುಂಬಿ ಒಳಗೆ ಬರುವ ನೀರು ನಿಂತಾಗ. ಕೃಷ್ಣೆಯ ನೀರನ್ನು ಏರಿಸಿ ಜಿಲ್ಲೆಯ ಹಳೆಯ ಕೆರೆಗಳನ್ನು ತುಂಬಿಸುವ ಕೆಲಸ ನಡೆದ ಮೇಲೆ, ಹೊಸ ನೀರು ಬಂದರೆ ಹಳೆಯ ಕೆರೆ ಏನಾಗುತ್ತದೆ ಎಂಬುದನ್ನು ನಮ್ಮ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮನುಷ್ಯನ ಕಥೆಯೂ ಅಷ್ಟೇ.

ಇದಕ್ಕೆ ದೊಡ್ಡವರ ಉದಾಹರಣೆಗಳಿಗೆ ಕನ್ನಡದಲ್ಲಿ ಬರವಿಲ್ಲ. ನಿಘಂಟು ತಜ್ಞ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದು 1913ರಲ್ಲಿ. ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಆರಂಭಿಸಿದ್ದು 1991ರಲ್ಲಿ. ಅಂದರೆ ಬೇರೆಯವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂಡುವ ವಯಸ್ಸಿನಲ್ಲಿ ಅವರು ನಾಡಿನ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಯಲು ಶುರು ಮಾಡಿದರು. 2011ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಅವರಿಗೆ 97 ವರ್ಷ. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಹಿರಿಯರೊಬ್ಬರು ಎಂಬತ್ತು ದಾಟಿದ ಮೇಲೂ ಎಂ.ಎ. ಪರೀಕ್ಷೆ ಬರೆಯಲು ವಿಜಯಪುರಕ್ಕೆ ಬಂದ ಸುದ್ದಿಯನ್ನೂ ಪತ್ರಿಕೆಯಲ್ಲಿ ಓದಿದ್ದೇನೆ. ಇಂಥವರಿಗೆ ಕೈ ಮುಗಿಯೋಣ. ಆದರೆ ಎಲ್ಲರೂ ನಿಘಂಟು ಬರೆಯಲಾರೆವು. ನಮ್ಮಂಥ ಸಾಮಾನ್ಯರು ಏನು ಕಲಿಯಬೇಕು? ನನಗೆ ಆ ಉತ್ತರ ಸಿಕ್ಕಿದ್ದು ಬ್ಯಾಂಕಿನ ಕೌಂಟರಿನಲ್ಲಿ.

ಕೌಂಟರಿನ ಈಚೆ ಕುಳಿತವನಿಗೆ ಊರ ಮಂದಿಯ ಸುಖದುಃಖ ಬೇಗ ತಿಳಿಯುತ್ತದೆ. ಗಂಡ ತೀರಿಹೋಗಿ ತಿಂಗಳಾಗಿರುತ್ತದೆ. ಹೆಂಡತಿ ಸೆರಗಿನಲ್ಲಿ ಪಾಸ್‌ಬುಕ್ ಸುತ್ತಿಕೊಂಡು ಬರುತ್ತಾಳೆ. ‘ಇದರಾಗ ಎಷ್ಟ ಅದಾವ್ರೀ? ನಮ್ಮವರು ನನಗ ಏನೂ ಹೇಳಿಲ್ರಿ.’ ಠೇವಣಿ ಎಲ್ಲಿದೆ, ನಾಮಿನಿ ಯಾರು, ಕುಟುಂಬ ಪಿಂಚಣಿಗೆ ಯಾವ ಕಾಗದ ಬೇಕು, ಒಂದೂ ಗೊತ್ತಿರುವುದಿಲ್ಲ. ಹೆಂಡತಿಯನ್ನು ಕಳೆದುಕೊಂಡ ಗಂಡಸರನ್ನೂ ಕಂಡಿದ್ದೇನೆ. ಖಾತೆಯಲ್ಲಿ ದುಡ್ಡಿರುತ್ತದೆ, ಆದರೆ ಒಂದು ಕಪ್ ಚಹಾಕ್ಕೆ ಸೊಸೆಯ ಮುಖ ನೋಡಬೇಕು. ಇಬ್ಬರ ದುಃಖವೂ ಸಾವಿನಿಂದ ಬಂದದ್ದು. ಆದರೆ ಇಬ್ಬರ ಪರಾಧೀನತೆ ಸಾವಿನಿಂದ ಬಂದದ್ದಲ್ಲ, ಕಲಿಯದೆ ಉಳಿದ ಕೆಲಸದಿಂದ ಬಂದದ್ದು.

ನಾಲ್ಕು ವರ್ಷದ ಹಿಂದೆ ನನಗೆ ಎದೆನೋವು ಬಂದು ಸ್ಟೆಂಟ್ ಹಾಕಿದರು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದಾಗ ನನಗೆ ನನ್ನ ಎದೆಗಿಂತ ಹೊರಗೆ ಬೆಂಚಿನ ಮೇಲೆ ಕುಳಿತ ನನ್ನಾಕೆಯದೇ ಚಿಂತೆ. ಮಗ ಪುಣೆಯಿಂದ ಬರಲು ಬೆಳಗಾಗಬೇಕು. ಅವಳು ಕಲಿತದ್ದು ನಾಲ್ಕನೆಯ ಇಯತ್ತೆ. ಓದಲು ಬರುತ್ತದೆ, ಆದರೆ ಎಟಿಎಂ ಮುಟ್ಟಿದವಳಲ್ಲ. ಮನೆಗೆ ಬಂದ ಮೇಲೆ ಒಂದು ದಿನ ಹೇಳಿದೆ: ‘ನಮ್ಮಿಬ್ಬರಾಗ ಒಬ್ಬರು ಮೊದಲ ಹೋಗೂದ ಖರೆ. ಉಳಿದವರು ಕೈ ಕಟಗೊಂಡು ಕೂಡಬಾರದು.’

‘ಬಿಡ್ತು ಅನ್ರಿ!’ ಎಂದು ಎದ್ದು ಒಳಗೆ ಹೋದಳು. ಎರಡು ದಿನ ಆ ಮಾತಿಲ್ಲ. ಮೂರನೆಯ ದಿನ ಅವಳೇ ಕೇಳಿದಳು: ‘ಆತು, ಕಲಸ್ರಿ. ಆದರ ನೀವೂ ಒಲಿ ಮುಂದ ನಿಂದರಬೇಕು.’

ಹೀಗೆ ನಮ್ಮ ಶಾಲೆ ಶುರುವಾಯಿತು. ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹರಿಸುವಂಥ, ಒಬ್ಬರು ತೀರಿದರೆ ಇನ್ನೊಬ್ಬರಿಗೆ ಉಳಿಯುವಂಥ ಜಂಟಿ ಖಾತೆ ಮಾಡಿಸಿದೆವು. ಅವಳ ಹೆಸರಿಗೆ ಬೇರೆ ಕಾರ್ಡು, ಅವಳದೇ ಗುಪ್ತಸಂಖ್ಯೆ. ಮೊದಲ ಪಾಠ ಪಾಸ್‌ಬುಕ್ ಓದುವುದು: ಜಮಾ ಯಾವುದು, ಖರ್ಚು ಯಾವುದು, ಉಳಿದದ್ದೆಷ್ಟು. ಮನೆಯ ಕಿರಾಣಿ ಲೆಕ್ಕವನ್ನು ಬಾಯಲ್ಲೇ ಹೇಳುವವಳಿಗೆ ಅದು ಒಂದು ವಾರದ ಕೆಲಸವೂ ಆಗಲಿಲ್ಲ. ಎಟಿಎಂಗೆ ಮಾತ್ರ ಹೆದರಿದಳು. ‘ಯಂತ್ರ ಕಾರ್ಡ್ ನುಂಗಿದರ?’ ಎಂದಳು. ನಾನು ನಾಲ್ಕು ಹೆಜ್ಜೆ ದೂರ ನಿಂತೆ. ಐದುನೂರು ರೂಪಾಯಿಯ ಒಂದು ನೋಟು ಹೊರಬಂದಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಖರ್ಚು ಮಾಡದೆ ದೇವರ ಜಗಲಿಯ ಮೇಲೆ ಇಟ್ಟಳು.

ನನ್ನ ಪಾಠ ಕಠಿಣ. ಜೋಳದ ರೊಟ್ಟಿಗೆ ಎಸರು ಎಷ್ಟು ಕಾಯಬೇಕು ಎಂದರೆ ‘ಕೈಗೆ ಗೊತ್ತಾಗ್ತದ’ ಎನ್ನುತ್ತಾಳೆ. ಬಿ.ಕಾಂ. ಪುಸ್ತಕದಲ್ಲಿ ಇಂಥ ಉತ್ತರ ಇರಲಿಲ್ಲ! ನಾನು ಬಡಿದ ರೊಟ್ಟಿ ಮೊದಲ ತಿಂಗಳು ಒಂದೊಂದು ದಿನ ಒಂದೊಂದು ರಾಜ್ಯದ ನಕಾಶೆಯಾಗುತ್ತಿತ್ತು. ಈಗ ದುಂಡಗಾಗುತ್ತದೆ. ಬೇಳೆ, ಅನ್ನ, ಝುಣಕ, ಶೇಂಗಾ ಹಿಂಡಿ ನಾನೇ ಮಾಡಬಲ್ಲೆ. ಅವಳಿಗೆ ಜ್ವರ ಬಂದ ದಿನ ಮನೆಯ ಒಲೆ ಆರುವುದಿಲ್ಲ.

ಮೊಬೈಲಿನ ಪಾಠಕ್ಕೆ ಮಾತ್ರ ನಮ್ಮಿಬ್ಬರಿಗೂ ಒಬ್ಬಳೇ ಮೇಡಂ, ರಜೆಗೆ ಬರುವ ಎಂಟನೆಯ ತರಗತಿಯ ಮೊಮ್ಮಗಳು. ಮೊದಮೊದಲು ‘ಕೊಡು ಮುತ್ಯಾ, ನಾನ ಮಾಡ್ತೀನಿ’ ಎಂದು ಫೋನು ಕಸಿದುಕೊಳ್ಳುತ್ತಿದ್ದಳು. ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು, ನಮಗೆ ಏನೂ ತಿಳಿಯುತ್ತಿರಲಿಲ್ಲ. ಅವಳ ಆಯಿ ಒಂದು ಕಾಯಿದೆ ಮಾಡಿದಳು: ಬಾಯಿಂದ ಹೇಳಬೇಕು, ಕೈಯಿಂದ ಮುಟ್ಟಬಾರದು. ಮಕ್ಕಳೇ, ನಿಮ್ಮ ಮನೆಯ ಅಜ್ಜ, ಅಜ್ಜಿಗೆ ಕಲಿಸುವಾಗ ಇದೊಂದನ್ನು ನೆನಪಿಡಿ. ಫೋನು ಅವರ ಕೈಯಲ್ಲೇ ಇರಲಿ. ಅವರು ನಾಲ್ಕು ಸಲ ಮರೆತರೆ ಐದನೆಯ ಸಲ ಹೇಳಿ. ನಿಮಗೆ ನಡಿಗೆ ಕಲಿಸುವಾಗ ಅವರು ಎಷ್ಟು ಸಲ ಬಗ್ಗಿದ್ದರೋ!

ಪಿಂಚಣಿದಾರರು ಪ್ರತಿ ವರ್ಷ ನವೆಂಬರಿನಲ್ಲಿ ಬದುಕಿದ್ದೇವೆ ಎಂಬ ಪ್ರಮಾಣಪತ್ರ ಕೊಡಬೇಕು. 2014ರಲ್ಲಿ ‘ಜೀವನ ಪ್ರಮಾಣ’ ಎಂಬ ಡಿಜಿಟಲ್ ವ್ಯವಸ್ಥೆ ಬಂತು. ಈಗ ಆಧಾರ್ ಸಂಖ್ಯೆ ಕೊಟ್ಟು, ಮೊಬೈಲಿನ ಕ್ಯಾಮೆರಾಕ್ಕೆ ಮುಖ ತೋರಿಸಿದರೂ ಸಾಕು, ಮನೆಯಲ್ಲೇ ಕೆಲಸ ಆಗುತ್ತದೆ. ಹೋದ ನವೆಂಬರಿನಲ್ಲಿ ಫೋನು ಹಿಡಿದವಳು ನನ್ನಾಕೆ. ‘ಅಲಗಾಡಬ್ಯಾಡ್ರಿ, ಕಣ್ಣ ಪಿಳಕಿಸ್ರಿ’ ಎಂದಳು. ಪಿಳುಕಿಸಿದೆ. ನಾನು ಇನ್ನೂ ಬದುಕಿದ್ದೇನೆಂದು ಸರಕಾರಕ್ಕಿಂತ ಮೊದಲು ಅವಳು ಖಾತ್ರಿ ಮಾಡಿಕೊಂಡಳು.

ಕಲಿಯುವ ಜತೆಗೆ ಎಚ್ಚರವೂ ಪಾಠದ ಭಾಗವೇ. ಬ್ಯಾಂಕಿನವರು ಯಾರೂ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ಕೇಳಿದರೆ ಅವರು ಬ್ಯಾಂಕಿನವರಲ್ಲ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಈ ಸಂಖ್ಯೆಯನ್ನು ಅವಳು ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾಳೆ.

ವಯಸ್ಸಾದ ಮೇಲೆ ಹೊಸದು ತಲೆಗೆ ಹತ್ತುವುದು ನಿಧಾನ, ನಿಜ. ಮೊಣಕಾಲು ನೋಯುತ್ತದೆ, ಕನ್ನಡಕ ಎಲ್ಲಿಟ್ಟೆವೆಂದು ಮರೆಯುತ್ತೇವೆ. ಅದನ್ನೆಲ್ಲ ಇಲ್ಲವೆನ್ನುವುದು ಉತ್ಸಾಹವಲ್ಲ. ನೋಯುವ ಮೊಣಕಾಲಿನ ಜತೆಗೇ ಇವತ್ತು ಒಂದು ಹೊಸ ಕೆಲಸ ಕೈಗೆ ಬಂತಲ್ಲ ಎನ್ನುವುದು ಉತ್ಸಾಹ. ನಮಗಂತೂ ಇನ್ನೊಂದು ಲಾಭವಾಯಿತು. ಸಾವಿನ ಮಾತು ಎತ್ತಿದರೆ ಎದ್ದು ಹೋಗುತ್ತಿದ್ದವಳು ಈಗ ನಗುತ್ತಾಳೆ. ಹೆದರಿಕೆ ಕಡಿಮೆಯಾಗಿದ್ದು ಧೈರ್ಯದ ಮಾತಿನಿಂದಲ್ಲ, ಕೈಗೆ ಬಂದ ಕೆಲಸದಿಂದ.

ನಿಮ್ಮ ಮನೆಯಲ್ಲೂ ಇಬ್ಬರು ಹಿರಿಯರಿದ್ದರೆ ಇವತ್ತೇ ಕೇಳಿ ನೋಡಿ: ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದ ಕೆಲಸ ಯಾವುದು? ಅಲ್ಲಿಂದಲೇ ಪಾಠ ಶುರುವಾಗಲಿ. ನಮ್ಮ ಶಾಲೆಯಲ್ಲಿ ಬರುವ ವಾರ ಅವಳಿಗೆ ಠೇವಣಿ ನವೀಕರಣ, ನನಗೆ ಪುಂಡಿಪಲ್ಯ.