ಲವ್‌ಡೇಲಿನ ಇಳಿಜಾರಿನಲ್ಲಿ

ಕಾಸರಗೋಡಿನಿಂದ ರೈಲು ಹತ್ತಿ ಕೊಯಮತ್ತೂರನ್ನು ಸೇರಿದ ನಮಗೆ, ನೀಲಗಿರಿಯನ್ನು ನೋಡುವುದಕ್ಕಿಂತಲೂ ಭಾವನವರ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಘಟ್ಟ ಏರುವ ಆಸೆಯೇ ಹೆಚ್ಚಾಗಿತ್ತೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಕಾರು 1968ರ ಟ್ರಯಂಫ್ ಸ್ಪಿಟ್‌ಫೈರ್. ಇಬ್ಬರಿಗೆ ಮಾತ್ರ ಆಸನ, ಮೇಲೆ ಮಡಚಿಡಬಹುದಾದ ಬಟ್ಟೆಯ ಹೊದಿಕೆ. ಹಿಂದೊಮ್ಮೆ ಚಹಾ ತೋಟದ ಮ್ಯಾನೇಜರರೊಬ್ಬರ ಬಳಿಯಿದ್ದ ಈ ಬಂಡಿಯನ್ನು ಭಾವನವರು ಕೊಂಡು, ಅಕ್ಕನ ಅಸಮಾಧಾನದ ನಡುವೆಯೂ ಸಾಕಿಕೊಂಡು ಬಂದಿದ್ದಾರೆ. ಇಂಗ್ಲೆಂಡಿನಲ್ಲಿ 1962ರಿಂದ 1980ರ ತನಕ ತಯಾರಾದ ಈ ಕಾರಿಗೂ ಮದರಾಸಿಗೂ ಒಂದು ನಂಟುಂಟು. ಮದರಾಸಿನಲ್ಲಿ 1961ರಿಂದ ಸುಮಾರು ಹತ್ತು ವರ್ಷ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. ಆ ಹೆರಾಲ್ಡಿನ ಚಾಸಿಯನ್ನೇ ಗಿಡ್ಡಗೊಳಿಸಿ ಕಟ್ಟಿದ ಬಂಡಿಯೇ ಸ್ಪಿಟ್‌ಫೈರ್. ಎರಡಕ್ಕೂ ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ.

ಇಬ್ಬರ ಕಾರಿನಲ್ಲಿ ನಾಲ್ವರು ಹೋಗುವುದೆಂತು? ಅಕ್ಕನೂ ನಮ್ಮ ಮನೆಯಾಕೆಯೂ ಕೂನೂರಿನವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಬೆಟ್ಟದ ರೈಲಿನಲ್ಲಿ ಲವ್‌ಡೇಲಿಗೆ ಬರುವುದೆಂದೂ, ಭಾವನವರೂ ನಾವೂ ಕಾರಿನಲ್ಲಿ ಹೋಗಿ ನಿಲ್ದಾಣದಲ್ಲಿ ಅವರನ್ನು ಎದುರುಗೊಳ್ಳುವುದೆಂದೂ ಏರ್ಪಾಡಾಯಿತು. ಬುದ್ಧಿವಂತಿಕೆಯ ಪಾಲು ಹೆಂಗಸರದಾಯಿತೆಂದು ಆಮೇಲೆ ತಿಳಿಯಿತು.

ಮೇಟ್ಟುಪಾಳಯದಿಂದ ಕೂನೂರಿಗೆ ಏರುವ ದಾರಿಯಲ್ಲಿ ಕಾರಿನದು ರಾಜಗಾಂಭೀರ್ಯ. ಆದರೆ ಕೂನೂರಿನಲ್ಲಿ ಕಾಫಿಗೆಂದು ನಿಲ್ಲಿಸಿ ಹೊರಡುವಾಗ ರಿವರ್ಸ್ ಗೇರು ಬೀಳಲು ತಕರಾರು ಮಾಡಿತು. ಕರ್‌ರ್ ಎಂದು ಹಲ್ಲು ಕಡಿದ ಸದ್ದು. ಭಾವನವರು ನಕ್ಕು, "ಹಳೆಯ ಬಂಡಿಗೆ ಹಿಂದೆ ಹೋಗುವುದೆಂದರೆ ಆಗದು" ಎಂದರು. ನಾವೂ ನಕ್ಕೆವು.

ಕೂನೂರಿನಿಂದ ಮುಂದೆ ಊರುಗಳ ಹೆಸರುಗಳು ನಮ್ಮನ್ನು ಹೆಸರಿಡಿದು ಕರೆದಂತಿದ್ದವು. ಎಲ್ಲನಹಳ್ಳಿಯೆಂಬ ಫಲಕ ಕಂಡಾಗ, ತಮಿಳು ನಾಡಿನ ನಡುವೆ ಇದು ಯಾರ ಹಳ್ಳಿಯಪ್ಪಾ ಎನಿಸಿತು. ಈ ಬೆಟ್ಟಗಳ ಬಡಗರು ಉತ್ತರದ ಮೈಸೂರು ಸೀಮೆಯಿಂದ ಬಂದವರು. ಬಡಗು ದಿಕ್ಕಿನವರಾದುದರಿಂದಲೇ ಬಡಗರು. ಅವರ ಊರು ಹಟ್ಟಿ, ಅವರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಕನ್ನಡದ ಪಡುವಣ ಅಂಚಿನಲ್ಲಿ ಬಾಳುವ ನಮಗೆ ಅದರ ತೆಂಕಣ ಅಂಚಿನ ದರ್ಶನವಾಗುತ್ತಿತ್ತು. ಊಟಿಯ ಬಳಿಯ ಫರ್ನ್‌ಹಿಲ್ಲಿನಲ್ಲಿ ಮೈಸೂರು ಅರಸರ ಬೇಸಿಗೆಯ ಅರಮನೆಯಿರುವುದೂ ಇಲ್ಲಿಂದ ದೂರವಲ್ಲ.

ಲವ್‌ಡೇಲ್ ಊರೆನ್ನುವಷ್ಟು ದೊಡ್ಡದಲ್ಲ. ನೀಲಗಿರಿ ಮರಗಳ ಘಾಟು ವಾಸನೆ, ಚಹಾ ತೋಟದ ಹಸುರು ಮೆಟ್ಟಿಲುಗಳು, ಆಟಿಕೆಯಂತಹ ರೈಲು ನಿಲ್ದಾಣ, ಮತ್ತು ಹೆನ್ರಿ ಲಾರೆನ್ಸನ ನೆನಪಿನಲ್ಲಿ 1858ರಲ್ಲಿ ಆರಂಭವಾದ ಲಾರೆನ್ಸ್ ಶಾಲೆ. ರೈಲು ಮೇಟ್ಟುಪಾಳಯದಿಂದ ಕೂನೂರಿಗೆ 1899ರಲ್ಲಿ ಬಂತು, ಊಟಿಗೆ 1908ರಲ್ಲಿ; 2005ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮುಖ್ಯ ರಸ್ತೆಯನ್ನು ಬಿಟ್ಟು ಕೆಳಗಿಳಿಯುವ ಒಂದು ಇಕ್ಕಟ್ಟಾದ ದಾರಿಯಲ್ಲಿ ನಮ್ಮ ಗ್ರಹಚಾರ ಕಾದಿತ್ತು. ಒಂದು ಕಡೆ ಮಣ್ಣಿನ ದರೆ, ಇನ್ನೊಂದು ಕಡೆ ಚಹಾ ಗಿಡಗಳ ಇಳಿಜಾರು. ತಿರುವಿನಲ್ಲಿ ಎದುರಿಗೆ ಒಂದು ಜೀಪು ಏದುಸಿರು ಬಿಡುತ್ತಾ ಏರಿ ಬಂತು. ಬೆಟ್ಟದ ದಾರಿಯಲ್ಲಿ ಎರಡು ಬಂಡಿಗಳಿಗೆ ಎಡೆಯಿಲ್ಲದಿದ್ದರೆ ಇಳಿಯುವವನು ಏರುವವನಿಗೆ ದಾರಿ ಬಿಡಬೇಕು. ಇದು ಕೇವಲ ಸೌಜನ್ಯವಲ್ಲ. 1989ರ ರಸ್ತೆ ನಿಯಮಗಳಲ್ಲಿಯೂ 2017ರ ಚಾಲನಾ ನಿಯಮಗಳಲ್ಲಿಯೂ ಬರೆದಿಟ್ಟ ಕಾನೂನು. ಹಿಂದಕ್ಕೆ ಸರಿಯಬೇಕಾದವರು ನಾವು.

ಭಾವನವರು ಕ್ಲಚ್ಚನ್ನು ಅದುಮಿ ಗೇರಿನ ಹಿಡಿಯನ್ನು ಎಳೆದರು. ಕರ್‌ರ್! ಮತ್ತೊಮ್ಮೆ ಎಳೆದರು. ಹಿಡಿಯೇ ಕೈಯಲ್ಲಿ ನಡುಗಿತು. ಮೂರನೆಯ ಸಲ ಬಲ ಹಾಕಿದಾಗ ಬಂದ ಸದ್ದಿಗೆ ನಮ್ಮ ಹಲ್ಲುಗಳೂ ಜುಮ್ಮೆಂದವು. ಜೀಪಿನ ಚಾಲಕ ಇಳಿದು ಬಂದ. ಅವನಾಡಿದ್ದನ್ನು ಮೊದಲು ಯಾವುದೋ ಸೀಮೆಯ ಕನ್ನಡವೆಂದೇ ಭಾವಿಸಿದೆವು, ಬಡಗ ನುಡಿ. ಅರ್ಧ ತಿಳಿಯಿತು, ಉಳಿದರ್ಧವನ್ನು ಅವನ ಮುಖ ತಿಳಿಸಿತು. ಹಿಂದಿನ ಸೀಟಿನಲ್ಲಿ ಅವನ ಅಜ್ಜಿ. ರಾತ್ರಿಯಿಂದ ಉಸಿರು ಕಟ್ಟುತ್ತಿದೆ, ಊಟಿಯ ಆಸ್ಪತ್ರೆಗೆ ಒಯ್ಯುತ್ತಿದ್ದಾನೆ. ಶಾಲು ಹೊದ್ದ ಆ ವೃದ್ಧೆಯ ಎದೆ ಏರಿಳಿಯುವುದು ನಾವು ನಿಂತಲ್ಲಿಗೇ ಕಾಣುತ್ತಿತ್ತು. ಕೂನೂರಿನಲ್ಲಿ ನಕ್ಕಿದ್ದು ಆಗ ನೆನಪಾಯಿತು.

ಈ ಗೇರು ಹೀಗೇಕೆ ಹಟ ಹಿಡಿಯುತ್ತದೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಮುಂದಕ್ಕೆ ಒಯ್ಯುವ ಗೇರುಗಳಲ್ಲಿ, ಈ ಕಾರಿನ ಮೊದಲನೆಯದನ್ನು ಬಿಟ್ಟು, ಉಳಿದವುಗಳ ಹಲ್ಲುಚಕ್ರಗಳು ಸದಾ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಅವುಗಳ ವೇಗವನ್ನು ಸರಿದೂಗಿಸಲು ಸಿಂಕ್ರೋಮೆಶ್ ಎಂಬ ಏರ್ಪಾಡುಂಟು. ರಿವರ್ಸ್ ಗೇರಿಗೆ ಆ ಭಾಗ್ಯವಿಲ್ಲ. ತಿರುಗುವ ದಿಕ್ಕನ್ನು ಬದಲಿಸಲು ಎರಡು ಚಕ್ರಗಳ ನಡುವೆ ಮೂರನೆಯದೊಂದನ್ನು ಜಾರಿಸಿ ಕೂರಿಸಬೇಕು. ಅದರ ಹಲ್ಲುಗಳು ನೇರ. ಹಿಂದೆ ಹೋಗುವಾಗ ಕಾರು ಕೊಯ್ಯೆಂದು ಕೂಗುವುದೂ ಅದರಿಂದಲೇ. ಚಕ್ರಗಳು ನಿಂತಿದ್ದರೆ ಮಾತ್ರ ಅದು ಸದ್ದಿಲ್ಲದೆ ಸೇರುತ್ತದೆ. ಕ್ಲಚ್ಚು ಎಂಜಿನ್ನಿನಿಂದ ಪೂರ್ತಿ ಬಿಡಿಸಿಕೊಳ್ಳದಿದ್ದರೆ ಒಳಗಿನ ಚಕ್ರಗಳು ಸುತ್ತುತ್ತಲೇ ಇರುತ್ತವೆ. ತಿರುಗುವ ಗಾಣದೊಳಗೆ ಕೈಯಿಟ್ಟಂತೆ! ತಪ್ಪು ಗೇರಿನದೆಂದು ತೋರುತ್ತದೆ, ಕಳ್ಳ ಇರುವುದು ಕ್ಲಚ್ಚಿನಲ್ಲಿ.

ಭಾವನವರಿಗೆ ಈ ವಿದ್ಯೆ ತಿಳಿಯದ್ದಲ್ಲ, ಗಾಬರಿಯಲ್ಲಿ ಮರೆತಿತ್ತು. ಕ್ಲಚ್ಚನ್ನು ಅದುಮಿ ಐದು ಎಣಿಸಿದರು. ಮೊದಲು ಎರಡನೆಯ ಗೇರಿಗೆ ಹಾಕಿ, ಅದರ ಸಿಂಕ್ರೋಮೆಶ್ಶಿನಿಂದ ಒಳಗಿನ ಸುತ್ತನ್ನು ನಿಲ್ಲಿಸಿ, ತಕ್ಷಣ ರಿವರ್ಸಿಗೆ ಎಳೆದರು. ಎಂದಿನ ದಿನ ಇಷ್ಟೇ ಸಾಕಾಗುತ್ತಿತ್ತಂತೆ. ಅಂದು ಸಾಗಲಿಲ್ಲ. ಪೆಡಲು ಹತ್ತಿಯ ದಿಂಬಿನಂತೆ ಮೆತ್ತಗಾಗಿತ್ತು.

ಆಗ ಜೀಪಿನ ಹುಡುಗನೇ ಕೈಸನ್ನೆಯಿಂದ ಹೇಳಿದ: ಎಂಜಿನ್ ನಿಲ್ಲಿಸಿ, ಗೇರು ಹಾಕಿ, ಆಮೇಲೆ ಚಾಲೂ ಮಾಡಿ. ನಿಂತ ಚಕ್ರಕ್ಕೆ ಗೇರು ಬೀಳದೆ ಇರುವುದೆಂತು? ಆದರೆ ಬಿಡದ ಕ್ಲಚ್ಚಿನಲ್ಲಿ ಹೀಗೆ ಮಾಡಿದರೆ ಕಾರು ಚಾಲೂ ಆದೊಡನೆ ನೆಗೆಯುವುದು ಖಂಡಿತ. ನಾವು ಇಳಿದು ಮುಂದಿನ ಚಕ್ರಗಳ ಕೆಳಗೆ ಕಲ್ಲಿಟ್ಟೆವು, ಹಿಂದೆ ಯಾರೂ ಇಲ್ಲವೆಂದು ನೋಡಿ ದರೆಗೆ ಅಂಟಿ ನಿಂತೆವು. ಭಾವನವರು ಕೈಬ್ರೇಕನ್ನು ಎಳೆದು ಎಂಜಿನ್ ಆರಿಸಿದರು. ಹಿಡಿ ಅರ್ಧಕ್ಕೆ ನಿಂತಿತು. ಹಲ್ಲಿಗೆ ಹಲ್ಲು ಎದುರಾಗಿರಬೇಕು. ಕ್ಲಚ್ಚನ್ನು ಬಿಟ್ಟು, ಪೆಡಲನ್ನು ನಾಲ್ಕೈದು ಸಲ ತುಳಿತುಳಿದು ಮತ್ತೆ ಎಳೆದಾಗ ಟಕ್ಕೆಂದು ಬಿತ್ತು. ಕೀಲಿ ತಿರುಗಿಸಿದರು. ಕಾರು ಹಿಡಿದು ಎಳೆದಂತೆ ಹಿಂದಕ್ಕೆ ಹಾರಿ, ಕೂಗುತ್ತಾ ಏರನ್ನೇರಿ, ದಾರಿ ಅಗಲವಾದಲ್ಲಿ ಚಹಾ ಗಿಡಗಳಿಗೆ ಒರಗಿ ನಿಂತಿತು. ಜೀಪು ಮುಂದೆ ಸಾಗಿತು. ಅಜ್ಜಿ ನಮ್ಮ ಕಡೆ ನೋಡಲಿಲ್ಲ, ನೋಡುವ ಸ್ಥಿತಿಯಲ್ಲಿರಲಿಲ್ಲ.

ಒಟ್ಟು ತಡವಾದದ್ದು ಏಳೆಂಟು ನಿಮಿಷ. ಭಾವನವರು ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕುಳಿತೇ ಇದ್ದರು. "ಎರಡು ತಿಂಗಳಿಂದ ಆಯಿಲ್ ಕಡಿಮೆಯಾಗುತ್ತಿತ್ತು. ತುಂಬಿಸುತ್ತಿದ್ದೆ, ಅಷ್ಟೆ" ಎಂದರು. ನಮಗೆ ಹೇಳಲು ಏನೂ ತೋಚಲಿಲ್ಲ.

ಮರುದಿನ ಕಾರು ಊಟಿಯ ಒಬ್ಬ ಹಿರಿಯ ಮೇಸ್ತ್ರಿಯ ಕೈಸೇರಿತು. ಅಲ್ಲಿಯವರೆಗೆ ಎಲ್ಲಿ ನಿಲ್ಲಿಸಿದರೂ ಮೂತಿಯನ್ನು ರಸ್ತೆಯ ಕಡೆಗೇ ಇಟ್ಟು ನಿಲ್ಲಿಸಿದೆವು. ಮೇಸ್ತ್ರಿ ಗೇರುಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ನಮ್ಮಿಂದ ಕ್ಲಚ್ಚನ್ನು ತುಳಿಸಿ, ತಾವು ಎಂಜಿನ್ನಿನ ಮುಂದಿನ ಪುಲ್ಲಿಯನ್ನೇ ದಿಟ್ಟಿಸಿದರು. ಈ ಜಾತಿಯ ಎಂಜಿನ್ನುಗಳಲ್ಲಿ ಕ್ರಾಂಕಿನ ಥ್ರಸ್ಟ್ ವಾಷರುಗಳು ಸವೆದರೆ, ಪೆಡಲು ತುಳಿದಾಗ ಕ್ರಾಂಕೇ ಮುಂದಕ್ಕೆ ಸರಿದು ಕ್ಲಚ್ಚಿನ ಪಾಲಿನ ಚಲನೆಯನ್ನು ನುಂಗುವುದುಂಟು. ಆ ಕೇಡು ಇದ್ದರೆ ಎಂಜಿನ್ನಿಗೇ ಅಪಾಯ. ಪುಲ್ಲಿ ಅಲುಗಲಿಲ್ಲ, ಭಾವನವರು ಉಸಿರುಬಿಟ್ಟರು. ಬಳಿಕ ಕೆಳಗಿನ ಸ್ಲೇವ್ ಸಿಲಿಂಡರಿನ ರಬ್ಬರು ಮುಚ್ಚಳವನ್ನು ಸರಿಸಿದಾಗ ಕಪ್ಪು ಆಯಿಲ್ ತೊಟ್ಟಿಕ್ಕಿತು. ಒಳಗಿನ ಸೀಲು ಸವೆದಿತ್ತು. ಆಯಿಲ್ ಇಳಿದು ಕೊಳವೆಗೆ ಗಾಳಿ ಹೊಕ್ಕಿತ್ತು. ಕಾಲಿನ ಬಲವೆಲ್ಲ ಗಾಳಿಯನ್ನು ಹಿಂಡುವುದರಲ್ಲೇ ಮುಗಿಯುತ್ತಿತ್ತು. ಪೆಡಲಿನ ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರಿಂದ ಅಲ್ಲಿಯೂ ಸ್ವಲ್ಪ ಚಲನೆ ಪೋಲು. ತಮ್ಮ ಡಬ್ಬಿಯಲ್ಲಿ ಹೆರಾಲ್ಡಿಗೆಂದು ಎಂದೋ ತಂದಿಟ್ಟಿದ್ದ ಸೀಲೊಂದನ್ನು ಮೇಸ್ತ್ರಿ ಅಳೆದು ನೋಡಿದರು, ಸರಿಹೋಯಿತು. ಆದರೆ ಅದು ಹಳೆಯದಾಗಿ ಗಟ್ಟಿಯಾಗಿದೆಯೆಂದು ತಾವೇ ಬದಿಗಿಟ್ಟು, ಅದೇ ಅಳತೆಯ ಹೊಸದನ್ನು ಕೊಯಮತ್ತೂರಿನಿಂದ ತರಿಸಿದರು. ಒಂದು ದಿನ ಹೆಚ್ಚು ಹಿಡಿಯಿತು. ಆ ಮೇಸ್ತ್ರಿಯ ಮೇಲೆ ನಮಗೆ ಗೌರವ ಹುಟ್ಟಿದ್ದು ಅಲ್ಲಿಯೇ. ಹೊಸ ಬ್ರೇಕ್ ಆಯಿಲ್ ತುಂಬಿ, ಗಾಳಿ ಕಳೆದು, ಪಿನ್ನು ಬದಲಿಸಿದರು. ಎಂಜಿನ್ ಆಯಿಲನ್ನು ಅದರಲ್ಲಿ ಎಂದೂ ಹಾಕಬಾರದು, ರಬ್ಬರು ಉಬ್ಬಿ ಕೆಡುತ್ತದೆಂದು ಎಚ್ಚರಿಸಿದರು. ಕೇಳಿದ ಕೂಲಿ ಭಾವನವರು ಹೆದರಿದ್ದರ ಕಾಲು ಭಾಗ.

ಹೊರಡುವ ದಿನ ಹೆಂಗಸರನ್ನು ಕೂನೂರಿಗೆ ರೈಲು ಹತ್ತಿಸಲು ಮತ್ತೆ ಲವ್‌ಡೇಲಿಗೆ ಹೋದೆವು. ಭಾವನವರು ಹಿಂದಿನ ಸಂಜೆಯೇ ಕಾಲ್ನಡಿಗೆಯಲ್ಲಿ ಆ ದಾರಿಯ ಬುಡದ ಮನೆಗಳವರೆಗೆ ಹೋಗಿ ಅಜ್ಜಿಯನ್ನು ವಿಚಾರಿಸಿಕೊಂಡು ಬಂದಿದ್ದರು. ಆಸ್ಪತ್ರೆಯಲ್ಲಿಯೇ ಇದ್ದಾರೆ, ಉಸಿರು ಹಗುರವಾಗಿದೆ ಎಂದು ಸುದ್ದಿ. ನಿಲ್ದಾಣದ ಹೊರಗೆ ಅವರು ಕಾರನ್ನು ಹಿಂದಕ್ಕೆ ತೆಗೆದರು, ಮುಂದಕ್ಕೆ ತಂದರು, ಮತ್ತೆ ಹಿಂದಕ್ಕೆ ತೆಗೆದರು. ಗೇರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಬೀಳುತ್ತಿತ್ತು. ನಾಲ್ಕನೆಯ ಸಲಕ್ಕೆ ಕೆಟ್ಟಿ ತಿರುವಿನಿಂದಲೋ ಫರ್ನ್‌ಹಿಲ್ಲಿನ ಕಡೆಯಿಂದಲೋ ರೈಲಿನ ಕೂಗು ಕೇಳಿಸಿತು.

"ನಿಮಗೆ ಇನ್ನು ಮುಂದಕ್ಕೆ ಹೋಗುವುದುಂಟೋ ಇಲ್ಲವೋ?" ಎಂದು ಅಕ್ಕ ಚೀಲವನ್ನೆತ್ತಿಕೊಂಡರು.