ಒಂದು ಕೋಣೆ, 210 ಷೇರು

“ಮನಿ ನಿನ್ನ ಹೆಸರಿಗೆ ಆತೇನವಾ? ಉತಾರದಾಗ ಹೆಸರು ಬಂತ?” ಅಂತ ಅಪ್ಪ ಗದಗಿನಿಂದ ಫೋನಿನಲ್ಲಿ ಕೇಳಿದಾಗ ‘ಹೂಂ’ ಅಂದುಬಿಟ್ಟೆ. ಅದು ಪೂರ್ತಿ ನಿಜವಾಗಿರಲಿಲ್ಲ.

ನಾನು ಕೊಂಡದ್ದು ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಜಾಕ್ಸನ್ ಹೈಟ್ಸ್‌ನಲ್ಲಿ ಒಂದು ಸ್ಟುಡಿಯೋ. ಅಂದರೆ ಒಂದೇ ಕೋಣೆ. ಮಲಗುವುದು, ಓದುವುದು, ಬಂದವರನ್ನು ಕೂರಿಸುವುದು ಎಲ್ಲ ಅಲ್ಲೇ. ಒಗ್ಗರಣೆ ಹಾಕಿದರೆ ದಿಂಬಿಗೂ ಇಂಗಿನ ವಾಸನೆ. ಇರುವ ಒಂದೇ ಕಿಟಕಿ ಒಳತೋಟಕ್ಕೆ ತೆರೆಯುತ್ತದೆ. ಇಲ್ಲಿನ ಹಳೆಯ ಕಟ್ಟಡಗಳು ಬೀದಿಗೆ ಮುಖ ಮಾಡಿ, ಬೆನ್ನ ಹಿಂದೆ ಉದ್ದಕ್ಕೂ ಒಂದು ತೋಟವನ್ನು ಬಚ್ಚಿಟ್ಟುಕೊಂಡಿವೆ. ಐದು ನಿಮಿಷ ನಡೆದರೆ 74ನೇ ಬೀದಿ. ಅಲ್ಲಿ ಕರಿಬೇವು, ಕೊತ್ತಂಬರಿ, ತಲೆಯ ಮೇಲೆ ಗಡಗಡ ಓಡುವ 7ನೇ ನಂಬರಿನ ರೈಲು. ತೋಟದೊಳಗೆ ಮಾತ್ರ ಹಕ್ಕಿಯ ಸದ್ದು. ಆ ಕಿಟಕಿಗೇ ನಾನು ಸೋತದ್ದು.

ಆದರೆ ಕಾಗದದ ಮೇಲೆ ಆ ಕೋಣೆ ನನ್ನದಲ್ಲ. ಕಟ್ಟಡವೆಲ್ಲ ಒಂದು ಕಂಪನಿಯ ಹೆಸರಿನಲ್ಲಿದೆ. ನಾನು ಆ ಕಂಪನಿಯ 210 ಷೇರು ಕೊಂಡಿದ್ದೇನೆ. ಷೇರಿಗೆ ಪ್ರತಿಯಾಗಿ ಆ ಕೋಣೆಯಲ್ಲಿ ವಾಸಿಸುವ ಗುತ್ತಿಗೆ. ಕಟ್ಟಡದ ತೆರಿಗೆ, ಬಿಸಿನೀರು, ಕಾವಲುಗಾರನ ಸಂಬಳ ಎಲ್ಲವೂ ಷೇರಿನ ಲೆಕ್ಕದಲ್ಲಿ ಹಂಚಿಕೆಯಾಗಿ ತಿಂಗಳು ತಿಂಗಳು ಕಟ್ಟಬೇಕು. ಬಾಡಿಗೆಗೆ ಕೊಡಬೇಕೆಂದರೂ, ಮಾರಬೇಕೆಂದರೂ ನಿವಾಸಿಗಳೇ ಆರಿಸಿದ ಮಂಡಳಿ ಒಪ್ಪಬೇಕು. ಇದಕ್ಕೆ ಕೋ-ಆಪ್ ಅನ್ನುತ್ತಾರೆ ಎಂದು ಕೊನೆಗೂ ವಿವರಿಸಿದಾಗ ಅಪ್ಪ ನಕ್ಕರು. “ಅಂದ್ರ ಸೊಸೈಟಿ ಅನ್ನು!”

ಅಪ್ಪನಿಗೆ ಸೊಸೈಟಿ ಗೊತ್ತಿಲ್ಲದ್ದಲ್ಲ. ನಮ್ಮೂರಿನ ಸಹಕಾರಿ ಸಂಘದಲ್ಲಿ ಕಾರ್ಯದರ್ಶಿಯಾಗಿ ನಿವೃತ್ತರಾದವರು. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ನಮ್ಮ ಸೀಮೆಯಲ್ಲೇ ಇದೆ. ಅದೇ ದೇಶದಲ್ಲಿ ಮೊದಲನೆಯದು ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಿದ್ದು ಸಹಕಾರ ಅನ್ನುವುದು ನಮ್ಮ ಮನೆಯಲ್ಲಿ ದೇವರ ಮಾತಿನ ಹಾಗೆ.

ಈ ಮನೆಗಿಂತ ಮೊದಲು ಬೇರೊಂದು ಕಟ್ಟಡಕ್ಕೆ ಅರ್ಜಿ ಹಾಕಿದ್ದೆ. ಎರಡು ವರ್ಷದ ತೆರಿಗೆ ಪತ್ರ, ಬ್ಯಾಂಕಿನ ಲೆಕ್ಕ, ಆಫೀಸಿನ ಪತ್ರ, ‘ಇವಳು ಒಳ್ಳೆಯವಳು’ ಎಂದು ಸ್ನೇಹಿತರು ಬರೆದ ಪತ್ರ. ನೂರಾರು ಹಾಳೆ. ಆಮೇಲೆ ಸಂದರ್ಶನ. ನಾನು ರೇಷ್ಮೆ ಸ್ಕಾರ್ಫ್ ಸುತ್ತಿಕೊಂಡು ಹೋಗಿ ಎಲ್ಲರ ನಾಯಿಗಳ ಹೆಸರು ಕೇಳಿ ಬಂದೆ. ವಾರದ ನಂತರ ದಲ್ಲಾಳಿಯಿಂದ ಒಂದು ಸಾಲು ಬಂತು: ಮಂಡಳಿ ಒಪ್ಪಿಲ್ಲ.

“ಯಾಕ ಅಂತ ಹೇಳಬೇಕಲ್ಲ?” ಅಪ್ಪ ಕೇಳಿದರು.

“ಹೇಳಬೇಕಾಗಿಲ್ಲವಂತೆ ಅಪ್ಪಾ.”

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನನಗಾಗಿ ನೊಂದರು ಅಂದುಕೊಂಡೆ.

ಜಾಕ್ಸನ್ ಹೈಟ್ಸ್‌ನ ಮಂಡಳಿ ಒಪ್ಪಿತು. ಬಂದ ಮೇಲೆ ಊರಿನ ಚರಿತ್ರೆ ಓದಿದೆ. ಕ್ವೀನ್ಸ್‌ಬರೋ ಕಾರ್ಪೊರೇಷನ್ ಎಂಬ ಕಂಪನಿ ಇಲ್ಲಿ ತೋಟದ ಮನೆಗಳನ್ನು ಕಟ್ಟಿಸಿ, 1920ರ ಸುಮಾರಿಗೆ ಅವನ್ನು ಸಹಕಾರಿ ಮನೆಗಳೆಂದು ಮಾರಿತು. ಕರಿಯರಿಗೆ, ಯಹೂದಿಗಳಿಗೆ ಪ್ರವೇಶವಿರಲಿಲ್ಲ. 1968ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ನ್ಯಾಯಯುತ ವಸತಿ ಕಾಯ್ದೆ ಬಂತು. ಈಗ ನಮ್ಮ ಲಿಫ್ಟಿನಲ್ಲಿ ಬಂಗಾಳಿ, ಸ್ಪ್ಯಾನಿಶ್, ನೇಪಾಳಿ ಎಲ್ಲ ಕೇಳುತ್ತದೆ. ಹಳೆಯ ಅನ್ಯಾಯ ಹಳೆಯವರೊಂದಿಗೇ ಹೋಯಿತು ಎಂದುಕೊಂಡು ನೆಮ್ಮದಿಯಾಗಿದ್ದೆ.

ಮೂರನೇ ವರ್ಷ ನನ್ನನ್ನೂ ಮಂಡಳಿಗೆ ಆರಿಸಿದರು. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ ನಮ್ಮ ಸಭೆ. ಐದು ಜನ. ಒಮ್ಮೆ ಒಬ್ಬ ಟ್ಯಾಕ್ಸಿ ಚಾಲಕನ ಅರ್ಜಿ ಬಂತು. ನನ್ನದರಂಥದ್ದೇ ಸ್ಟುಡಿಯೋ. ತಮ್ಮನ ಜೊತೆ ಇರುತ್ತೇನೆ ಎಂದು ಬರೆದಿದ್ದ. ತಿಂಗಳ ಖರ್ಚು ಆದಾಯದ ಶೇ. 30 ದಾಟಬಾರದು ಎಂಬುದು ನಮ್ಮ ಅಳತೆ. ಹಿಂದಿನ ವರ್ಷಗಳಲ್ಲಿ ಸರಿಯಿತ್ತು, ಕಳೆದ ವರ್ಷ ಸ್ವಲ್ಪ ದಾಟಿತ್ತು.

“ಒಂದೇ ಕೋಣೆಯಲ್ಲಿ ಇಬ್ಬರು ಗಂಡಸರೇ?” ಒಬ್ಬರು ಕೇಳಿದರು.

ನಾನು ಆರು ಜನ ಮಲಗುತ್ತಿದ್ದ ಪಡಸಾಲೆಯಲ್ಲಿ ಬೆಳೆದವಳು. ಬಾಯಿ ಬಿಡಲಿಲ್ಲ. ಮುಂದಿದ್ದ ಅಂಕಿಯ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ. ಬೇಡ ಎನ್ನುವವರು ಕೈಯೆತ್ತಿ ಎಂದಾಗ ಎತ್ತಿದ ನಾಲ್ಕು ಕೈಗಳಲ್ಲಿ ನನ್ನದೂ ಒಂದು. ಆತನಿಗೂ ಒಂದು ಸಾಲು ಹೋಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಊರಲ್ಲಿ ಬೆಳಗಾಗಿತ್ತು. ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ.

“ನಾವೂ ಅದನ್ನ ಮಾಡೇವಿ” ಅಂದರು. “ಜಾಮೀನ್ದಾರ ಇಲ್ಲ ಅಂತ ಬರದು ಅರ್ಜಿ ವಾಪಸ್ ಕೊಡತಿದ್ವಿ. ಆ ಕೇರಿ ಮಂದಿಗೆ ಜಾಮೀನು ಯಾರು ನಿಲ್ಲತಿದ್ರವಾ? ಜಾಮೀನು ನಿಲ್ಲೋರೂ ಮೆಂಬರ್ ಇರಬೇಕು. ಮೆಂಬರ್ ಮಾಡಿಕೊಳ್ಳೋರು ನಾವ. ಠರಾವು ಎಲ್ಲಾ ನನ್ನ ಅಕ್ಷರದಾಗ ಅದಾವು.”

ಹಿಂದೆ ಅವರು ಮಾತು ನಿಲ್ಲಿಸಿದ್ದು ಯಾಕೆ ಎಂದು ಆಗ ತಿಳಿಯಿತು. ಸಮಾಧಾನದ ಮಾತು ನನ್ನ ಹತ್ತಿರವೂ ಇರಲಿಲ್ಲ, ಅವರ ಹತ್ತಿರವೂ ಇರಲಿಲ್ಲ. ಚಹಾ ಕುಡಿದಿರಾ ಎಂದು ಕೇಳಿ ಫೋನ್ ಇಟ್ಟೆ.

ಮುಂದಿನ ಸಭೆಯಲ್ಲಿ, ತಿರಸ್ಕರಿಸಿದರೆ ಕಾರಣ ಬರೆದು ಕೊಡೋಣ ಎಂದೆ. ಬರೆದ ಕಾರಣ ನಾಳೆ ಕೋರ್ಟಿನಲ್ಲಿ ನಮಗೇ ತಿರುಗುತ್ತದೆ ಎಂದು ಎಚ್ಚರಿಸಿದರು. ಮೂರಕ್ಕೆ ಎರಡು ಮತದಿಂದ ಸೋತೆ. ಹಾಗಾದರೆ ನಮ್ಮ ಅಳತೆಯನ್ನಾದರೂ ಅರ್ಜಿಯ ಜೊತೆಗೇ ಅಚ್ಚು ಹಾಕಿ ಕೊಡೋಣ, ಬರುವವರಿಗೆ ಮೊದಲೇ ಗೊತ್ತಿರಲಿ ಎಂದೆ. ಅದಕ್ಕೆ ಒಪ್ಪಿದರು. ಈಗ ಅರ್ಜಿಯ ಮೊದಲ ಪುಟದಲ್ಲಿ ಆ ನಾಲ್ಕು ಸಾಲು ಇವೆ.

ಆ ಚಾಲಕನಿಗೆ ಅದರಿಂದ ಏನೂ ಆಗಲಿಲ್ಲ. ಅವನು ಕೇಳಿದ್ದ ಕೋಣೆಗೆ ಬೇರೊಬ್ಬರು ಬಂದಿದ್ದಾರೆ. ಅದರ ಕಿಟಕಿಯೂ ತೋಟಕ್ಕೇ ತೆರೆಯುತ್ತದೆ, ನನ್ನ ಕಿಟಕಿಯ ಎದುರಿಗೇ. ಸಂಜೆ ಅಲ್ಲಿ ದೀಪ ಹೊತ್ತುತ್ತದೆ.